ಒಳಶೀಟಿನ ಗುರುತು

೧೪ ಜನವರಿ ೧೯೮೯

ಅಕ್ಕಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಬೈಯುವ ಮೊದಲು ಕಾರಣ ಕೇಳು. ಆಫೀಸಿನಲ್ಲಿ ನನಗೆ ಹೊಸ ಕೆಲಸ ಕೊಟ್ಟಿದ್ದಾರೆ. ಏನು ಗೊತ್ತೇ? ರಬ್ಬರು! ಹುಟ್ಟಿದಾಗಿನಿಂದ ಮೂಗಿಗೆ ಹತ್ತಿದ ರಬ್ಬರು ಶೀಟು ಒಣಗಿಸುವ ಆ ಹೊಗೆಮನೆಯ ವಾಸನೆಯಿಂದ ತಪ್ಪಿಸಿಕೊಂಡೆ ಎಂದುಕೊಂಡಿದ್ದೆ. ಈಗ ಅದು ಕಡತದ ಕಟ್ಟಾಗಿ ಬಂದು ನನ್ನ ಮೇಜಿನ ಮೇಲೆಯೇ ಕೂತಿದೆ.

ಈ ದೇಶದಲ್ಲಿ ಒಂದೇ ಒಂದು ರಬ್ಬರು ಮರವಿಲ್ಲ. ಆದರೆ ಟೈರು, ಬೆಲ್ಟು, ಪೈಪು ಮಾಡುವ ಕಾರ್ಖಾನೆಗಳಿಗೆ ಲೆಕ್ಕವಿಲ್ಲ. ಕಳೆದ ಮೂವತ್ತೈದು ವರ್ಷಗಳಲ್ಲಿ ಹೊರಗಿನಿಂದ ತರಿಸಿಕೊಂಡ ರಬ್ಬರಿನ ಏರಿಳಿತವನ್ನೆಲ್ಲ ಒಂದು ಪುಸ್ತಕ ಮಾಡಬೇಕಂತೆ. ಯಾವ ವರ್ಷ ಎಷ್ಟು ಟನ್ನು, ಯಾವ ಬಂದರಿನಿಂದ, ಯಾವ ದರ್ಜೆ ಎಂದು. ಗೋಡೆಯ ಉದ್ದಕ್ಕೂ ಗ್ರಾಫಿನ ಹಾಳೆ ಅಂಟಿಸಿ, ಒಂದೊಂದು ಬಂದರಿಗೆ ಒಂದೊಂದು ಬಣ್ಣದ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದೇನೆ. ನಮ್ಮ ಬಂದರಿಗೆ ಹಸಿರು. ಪಕ್ಷಪಾತ ಎಂದರೆ ಅನ್ನು.

ಆ ಹಸಿರು ಗೆರೆ ೧೯೬೧ರವರೆಗೆ ಚೆನ್ನಾಗಿ ಏರಿ, ಮರುವರ್ಷ ಮೆಟ್ಟಿಲು ತಪ್ಪಿದವರ ಹಾಗೆ ಬಿದ್ದಿದೆ. ಆಮೇಲೆ ಎದ್ದೇ ಇಲ್ಲ. ಹಳೆಯ ಕರಡಿನಲ್ಲಿ ಅದಕ್ಕೊಂದು ಅಡಿಟಿಪ್ಪಣಿ ಇದೆ: "ಈ ಬಂದರಿನಲ್ಲಿ ರಬ್ಬರಿನ ದರ್ಜೆ ನಿರ್ಧರಿಸುವ ಮುಖ್ಯ ಗ್ರೇಡರ್ ಅಪ್ರಾಮಾಣಿಕನೆಂದು ಕಂಡುಬಂದದ್ದರಿಂದ ಖರೀದಿದಾರರು ದೂರ ಸರಿದರು." ಅಕ್ಕಾ, ಇದು ನಮ್ಮ ಅಪ್ಪನ ವಿಷಯವೇ? ನಾನಾಗ ಎಂಟು ವರ್ಷದವನು. ಅಪ್ಪ ಕೆಲಸ ಬಿಟ್ಟರು ಎಂದಷ್ಟೇ ಗೊತ್ತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಆಗಸ್ಟಿಗೆ ಬಂದರಿನ ರಬ್ಬರು ಶೆಡ್ಡಿನಿಂದ ಅವರ ನಿವೃತ್ತಿ ಎಂದರೆ ನಂಬಲಾಗುತ್ತಿಲ್ಲ. ಅವರು ಹಟ ಹಿಡಿದು ಓದಿಸದಿದ್ದರೆ ನಾನೂ ಅದೇ ಶೆಡ್ಡಿನಲ್ಲಿ ಶೀಟು ಒತ್ತಿ ಕಟ್ಟಿದ ಬೇಲುಗಳಿಗೆ ಬಿಳಿಪುಡಿ ಬಳಿದುಕೊಂಡು ಇರುತ್ತಿದ್ದೆ.

ನಿನ್ನ ತಮ್ಮ


೨ ಫೆಬ್ರವರಿ ೧೯೮೯

ತಮ್ಮಾ,

ಅಪ್ರಾಮಾಣಿಕ. ಆ ಪದವನ್ನು ಎಷ್ಟು ಸಲೀಸಾಗಿ ಬರೆದು ಕಳಿಸಿದೆ!

ಹೌದು, ನಮ್ಮ ಅಪ್ಪನೇ. ಎತ್ತಬಾರದು ಎಂದು ಅಮ್ಮ ಆಣೆ ಹಾಕಿಸಿದ್ದಳು. ಈಗ ಅವಳಿಲ್ಲ, ಎತ್ತುತ್ತೇನೆ. ಆ ವರ್ಷ ಹಡಗಿನಲ್ಲಿ ಹೋದ ನಾನೂರು ಬೇಲುಗಳಲ್ಲಿ ಕೆಲವನ್ನು ನಿಮ್ಮ ಆ ದೇಶದ ಗೋದಾಮಿನಲ್ಲಿ ಕತ್ತರಿಸಿ ನೋಡಿದರು. ಹೊರಗೆ ಒಂದನೇ ದರ್ಜೆಯ ಶೀಟು, ಒಳಗೆ ಹೊಗೆ ಸಾಲದೆ ಬೂಷ್ಟು ಹಿಡಿದ ಒದ್ದೆ ಶೀಟು. ಅಲ್ಲಿಯ ವ್ಯಾಪಾರ ಪತ್ರಿಕೆಯಲ್ಲಿ ಚಿತ್ರ ಬಂತು. ಬೂದು ಕೋಟು ತೊಟ್ಟ ತಪಾಸಕನೊಬ್ಬ ಕೈಯಲ್ಲಿ ಚಾಕು ಹಿಡಿದು, ಸೀಳಿದ ಬೇಲಿನ ಮೇಲೆ ಒಂದು ಕಾಲಿಟ್ಟು ನಗುತ್ತಿದ್ದ. ಹುಲಿ ಹೊಡೆದವರು ನಿಲ್ಲುತ್ತಾರಲ್ಲ, ಹಾಗೆ. ಅವನ ಬೂಟಿನ ಪಕ್ಕದಲ್ಲೇ ಅಪ್ಪನ ಮುದ್ರೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮಾಲೀಕರು ಆ ಪತ್ರಿಕೆಯನ್ನು ಶೆಡ್ಡಿನ ನಡುವೆ ಎಲ್ಲರೆದುರು ಹಿಡಿದು ತೋರಿಸಿದರು. ಒಳ್ಳೆಯ ಶೀಟನ್ನು ಬೇರೆಡೆ ಮಾರಿಕೊಂಡು ಕೆಟ್ಟದ್ದನ್ನು ನೀನೇ ತುಂಬಿದ್ದೀಯ ಎಂದರು. ಅಪ್ಪನ ಕೈಯಿಂದ ಮುದ್ರೆಯ ತಗಡನ್ನು ಕಿತ್ತುಕೊಂಡರು. ಊಟದ ಬುತ್ತಿ ಕೊಡಲು ಹೋಗಿದ್ದ ನಾನು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಅಪ್ಪ ಬದುಕಿದ್ದು ಇಪ್ಪತ್ತು ತಿಂಗಳು. ಬೀದಿಗೆ ಬೆನ್ನು ಹಾಕಿ ಕೂತೇ ಕಳೆದರು. ದಿನಕ್ಕೆ ನೂರಾರು ಶೀಟನ್ನು ಬೆಳಕಿಗೆ ಹಿಡಿಯುತ್ತಿದ್ದ ಮನುಷ್ಯ, ಮತ್ತೆ ಏನನ್ನೂ ಬೆಳಕಿಗೆ ಹಿಡಿದು ನೋಡಲಿಲ್ಲ.

ಆ ಬೂದುಕೋಟಿನವನು ಬದುಕಿದ್ದಾನೆಯೇ? ಆ ಅಡಿಟಿಪ್ಪಣಿ ಬರೆದವನು ಯಾರು? ಹುಡುಕು. ನನಗೆ ಪರಿಹಾರ ಬೇಡ, ಕ್ಷಮೆ ಬೇಡ. ಅಪ್ಪ ತಲೆ ತಗ್ಗಿಸಿದ ಹಾಗೆ ಅವನು ಹತ್ತು ಜನರೆದುರು ತಲೆ ತಗ್ಗಿಸಬೇಕು, ಅಷ್ಟೇ. ಅದನ್ನು ಕೇಳಿದ ಮೇಲೆ ನನ್ನ ಹೊಟ್ಟೆಯ ಉರಿ ಆರುತ್ತದೆ.

ಇವರಿಗೆ ನಿನ್ನ ಕಾಗದ ಓದಿ ಹೇಳಿದೆ. "ಹೋಗ್ಲಿ ಬಿಡೇ, ಸತ್ತೋರನ್ನ ಯಾಕೆ ಎಬ್ಬಿಸ್ತೀಯ?" ಎಂದರು. ಅವರದು ಮೃದು ಮನಸ್ಸು. ನನ್ನದು ಅಲ್ಲ.

ನಿನ್ನ ಅಕ್ಕ


೨೦ ಫೆಬ್ರವರಿ ೧೯೮೯

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದಲು ಧೈರ್ಯ ಬರಲಿಲ್ಲ.

ಆದರೆ ಒಂದು ಮಾತು ಕೇಳು. ಗೋಡೆಯ ಮೇಲಿನ ಗೆರೆಗಳನ್ನು ದಿನವೂ ನೋಡುವವನು ನಾನು. ಆ ಕಾಲಕ್ಕೆ ಇಲ್ಲಿ ಎಣ್ಣೆಯಿಂದ ಕೃತಕ ರಬ್ಬರು ಮಾಡುವ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಮರದ ರಬ್ಬರಿನ ಪಾಲು ವರ್ಷ ವರ್ಷವೂ ಕುಗ್ಗುತ್ತಿತ್ತು. ಆಮೇಲೆ ಹೊಸ ಬಗೆಯ ಟೈರು ಬಂತು, ಅದಕ್ಕೆ ಮರದ ರಬ್ಬರೇ ಹೆಚ್ಚು ಬೇಕು. ಹಾಗಾಗಿ ಒಟ್ಟು ಗೆರೆ ಮತ್ತೆ ಎದ್ದಿತು. ನಮ್ಮ ಬಂದರು ಏಳಲಿಲ್ಲ, ನಿಜ. ಆದರೆ ಕೊಳ್ಳುವವರಿಗೆ ಬಿಟ್ಟುಹೋಗಲು ಒಂದು ನೆಪ ಬೇಕಿತ್ತು, ಅಪ್ಪ ಸಿಕ್ಕರು. ಒಬ್ಬ ಮನುಷ್ಯನಿಂದ ಇಷ್ಟು ದೊಡ್ಡ ಗೆರೆ ಬೀಳುವುದಿಲ್ಲ.

ಅಡಿಟಿಪ್ಪಣಿ ಯಾರು ಬರೆದರೋ ಗೊತ್ತಿಲ್ಲ. ಹಳೆಯ ಕರಡು, ಹತ್ತು ಕೈ ದಾಟಿ ಬಂದದ್ದು. ಬೂದುಕೋಟಿನ ಆ ಮನುಷ್ಯನ ಸುಳಿವೂ ಇಲ್ಲ. ಈಗ ಬದುಕಿದ್ದರೂ ಹಣ್ಣುಹಣ್ಣು ಮುದುಕನಾಗಿರುತ್ತಾನೆ. ಬಿಟ್ಟುಬಿಡು ಅಕ್ಕಾ. ಭಾವ ಹೇಳಿದ್ದೇ ಸರಿ.

ನಿನ್ನ ತಮ್ಮ


೧೧ ಮಾರ್ಚ್ ೧೯೮೯

ತಮ್ಮಾ,

ನೀನು ಸುಳ್ಳು ಹೇಳುವಾಗ ಅಕ್ಷರ ದುಂಡಗಾಗುತ್ತದೆ. ಮೂರನೇ ತರಗತಿಯಲ್ಲಿ ರಿಪೋರ್ಟ್ ಕಾರ್ಡಿಗೆ ಅಮ್ಮನ ಸಹಿ ನೀನೇ ಹಾಕಿಕೊಂಡಾಗಲೂ ಹೀಗೇ ಮುತ್ತು ಪೋಣಿಸಿದ ಹಾಗಿತ್ತು. ನಿನ್ನ ಕಾಗದದ ಕೊನೆಯ ಭಾಗ ಇಡೀ ಮುತ್ತು. ಆ ಮನುಷ್ಯ ಯಾರೆಂದು ನಿನಗೆ ಗೊತ್ತು.

ನಿನ್ನ ಗೆರೆ ಎದ್ದರೇನು, ಬಿದ್ದರೇನು? ನಾನು ಕೇಳಿದ್ದು ಗೆರೆಯನ್ನಲ್ಲ. ಈಗ ನಾನು ಹೇಳುವುದನ್ನು ಗಮನವಿಟ್ಟು ಓದು, ಇದು ಪುಸ್ತಕದಲ್ಲಿ ಸಿಗುವುದಿಲ್ಲ.

ನಮ್ಮ ಶೆಡ್ಡಿನಲ್ಲಿ ಬೇಲು ಕಟ್ಟುವಾಗ, ಒಳಗೆ ಶೀಟು ಜೋಡಿಸಿದ ಗ್ರೇಡರು ಎಲ್ಲಕ್ಕಿಂತ ಮೇಲಿನ ಒಳಶೀಟಿನ ಮೂಲೆಗೆ ತನ್ನ ಚಾಕುವಿನಿಂದ ಕಚ್ಚು ಹಾಕುತ್ತಾನೆ. ಒಬ್ಬೊಬ್ಬರದು ಒಂದೊಂದು ಗುರುತು. ಆಮೇಲೆ ಅದರ ಮೇಲೆ ಹೊದಿಕೆಯ ಶೀಟು, ಅದಕ್ಕೆ ಬಿಳಿಪುಡಿ, ಎಲ್ಲದರ ಮೇಲೆ ಮುಖ್ಯ ಗ್ರೇಡರನ ಮುದ್ರೆ. ಮುದ್ರೆ ಊರಿಗೆಲ್ಲ ಕಾಣುತ್ತದೆ. ಕಚ್ಚು ಕಾಣುವುದು ಬೇಲು ಬಿಚ್ಚಿದವನಿಗೆ ಮಾತ್ರ. ಅಪ್ಪನದು ಎರಡು ಉದ್ದ ಕಚ್ಚು, ಜೋಡಿಯಾಗಿ. ಆಗ ಜೋಡಿಸುವವರು ಒಂಬತ್ತು ಜನ ಇದ್ದರು. ಒಂಬತ್ತು ಜನರೂ "ನಮ್ಮದಲ್ಲ" ಎಂದು ಕೈ ತೊಳೆದುಕೊಂಡರು. ಅಪ್ಪ ಗೋಗರೆದರು: "ಒಳಶೀಟಿನ ಮೂಲೆ ನೋಡಿ, ನಾನು ತುಂಬಿದ್ದಾದ್ರೆ ನನ್ನ ಕೈ ಕತ್ತರಿಸಿ." ಬೇಲು ಸಮುದ್ರದ ಆಚೆ ಇತ್ತು, ಯಾರು ನೋಡುತ್ತಾರೆ? ಅಪ್ಪ ಆ ಬೂದುಕೋಟಿನವನಿಗೇ ಕಾಗದ ಬರೆದರು, ಶಾಲೆಯ ಮೇಷ್ಟರ ಕೈಲಿ ತಿದ್ದಿಸಿ. ಉತ್ತರ ಬರಲಿಲ್ಲ. ಸಾಯುವವರೆಗೂ ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆ ಕೇಳಿದರೆ ಎದ್ದು ಕೂರುತ್ತಿದ್ದರು.

ತಿರಸ್ಕರಿಸಿದ ಬೇಲಿನ ಒಂದು ತುಂಡನ್ನು ಅಲ್ಲಿ ಡಬ್ಬಿಯಲ್ಲಿ ಮುಚ್ಚಿ ಇಡುತ್ತಾರಂತೆ. ಅದನ್ನು ಹುಡುಕು.

ಇನ್ನೊಂದು ವಿಷಯ. ಗೌರವದಿಂದ ನಿವೃತ್ತರಾದ ಗ್ರೇಡರುಗಳ ಗುರುತನ್ನು ಶೆಡ್ಡಿನ ಬಾಗಿಲ ಪಕ್ಕದ ಮರದ ಹಲಗೆಯ ಮೇಲೆ ಕೊರೆಯುವುದು ನಿನಗೆ ನೆನಪಿರಬಹುದು. ಅಲ್ಲಿ ಅಪ್ಪನದು ಇಲ್ಲ. ಈಗ ಹಲಗೆಯಲ್ಲಿ ಒಂದೇ ಜಾಗ ಉಳಿದಿದೆ, ನಿಮ್ಮ ಭಾವನಿಗೆ. ಅವರ ನಂತರ ಶೀಟು ನೋಡುವ ಕೆಲಸವೇ ಇಲ್ಲ. ಇನ್ನು ಮೇಲೆ ಮೆಷಿನ್ನಿನಲ್ಲಿ ರಬ್ಬರನ್ನು ಇಟ್ಟಿಗೆಯ ಹಾಗೆ ಅಚ್ಚು ಮಾಡಿ ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರಂತೆ. ಕೊರೆಯುವ ಮೊದಲು "ಕೊನೆಯ ಶೀಟು" ಎಂದು ಮಾಡುತ್ತಾರೆ. ಮನೆಯವರು ತಂದುಕೊಟ್ಟ ಶೀಟನ್ನು ನಿವೃತ್ತನಾಗುವವನು ಬೆಳಕಿಗೆ ಹಿಡಿದು, ದರ್ಜೆ ಯಾವುದು, ಕಚ್ಚು ಯಾರದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಇವರಿಗೆ ಯಾವ ಶೀಟು ಕೊಡಲಿ ಎಂದು ಈಗಲೇ ಯೋಚನೆ ಹತ್ತಿದೆ ನನಗೆ. ಆ ಹಲಗೆಯ ಮುಂದೆ ನಿಂತು ಚಪ್ಪಾಳೆ ತಟ್ಟುವಾಗ ಅಪ್ಪನ ನೆನಪಿಗೆ ಏನು ಉತ್ತರ ಹೇಳಲಿ?

ಹುಡುಕು. ಇಲ್ಲದಿದ್ದರೆ ನನಗೆ ಬರೆಯಬೇಡ.

ನಿನ್ನ ಅಕ್ಕ


೯ ಏಪ್ರಿಲ್ ೧೯೮೯

ಅಕ್ಕಾ, ಅಕ್ಕಾ,

ಅಪ್ಪ ತಪ್ಪು ಮಾಡಿಲ್ಲ! ಕಾಗದದ ಕೊನೆಗೆ ಬರೆಯಬೇಕಾದ್ದನ್ನು ಮೊದಲೇ ಬರೆದುಬಿಟ್ಟೆ, ಇರಲಿ.

ಮೊದಲು ನನ್ನ ಸುಳ್ಳು ಒಪ್ಪಿಕೊಳ್ಳುತ್ತೇನೆ. ಬೂದುಕೋಟಿನವನು ನನ್ನ ಮೇಲಧಿಕಾರಿ. ಗೋದಾಮಿನ ತಪಾಸಣೆಯಿಂದ ಮೇಲೇರುತ್ತ ಬಂದು ಈಗ ನಮ್ಮ ವಿಭಾಗದ ಮುಖ್ಯಸ್ಥ. ಈ ಪುಸ್ತಕ ಅವನ ಕೊನೆಯ ಕೆಲಸ. ಜನವರಿಯಲ್ಲೇ ಅವನ ಕೋಣೆಯ ಗೋಡೆಯ ಮೇಲೆ ಆ ಚಿತ್ರ ನೋಡಿದ್ದೆ. ಚೌಕಟ್ಟು ಹಾಕಿಸಿ ತೂಗುಹಾಕಿದ್ದಾನೆ. ಅದು ಅಪ್ಪನ ಬೇಲು ಎಂದು ನಿನ್ನ ಕಾಗದ ಬಂದ ಮೇಲೆ ಗೊತ್ತಾಯಿತು. ನನ್ನ ಕೆಲಸ ಮುಂದುವರಿಯಬೇಕೆಂದರೆ ಅವನ ಸಹಿ ಬೇಕು. ಹೆದರಿದೆ ಅಕ್ಕಾ. ಅದಕ್ಕೇ ಅಕ್ಷರ ದುಂಡಗಾಯಿತು.

ನಿನ್ನ ಮಾರ್ಚಿನ ಕಾಗದ ಬಂದ ಮೇಲೆ ನಾಚಿಕೆಯಾಯಿತು. ಹಳೆಯ ಅಂಕಿ ತಾಳೆ ನೋಡಬೇಕು ಎಂದು ಚೀಟಿ ಬರೆಸಿಕೊಂಡು ಮಾದರಿ ಕೋಣೆಗೆ ಹೋದೆ. ಕಟ್ಟಡದ ತಳಮನೆ, ಕಬ್ಬಿಣದ ಕಪಾಟು, ಸಾಲು ಸಾಲು ತಗಡಿನ ಡಬ್ಬಿ. ನಾಲ್ಕು ಮಧ್ಯಾಹ್ನ ಹುಡುಕಿದೆ. ಸಿಕ್ಕಿತು. ಹಳೆಯ ಬೆಲ್ಲದ ಹಾಗೆ ಕಪ್ಪಗೆ, ಗಟ್ಟಿಯಾಗಿದೆ. ಅಂಗೈ ಅಗಲದ ತುಂಡು, ಮೂಲೆಯ ಸಮೇತ ಕತ್ತರಿಸಿದ್ದಾರೆ.

ಮೂಲೆಯಲ್ಲಿ ಎರಡು ಕಚ್ಚು ಇಲ್ಲ. ಮೂರು ಉದ್ದ ಕಚ್ಚು, ಅವುಗಳ ಮೇಲೆ ಒಂದು ಅಡ್ಡ. ಬೆರಳಾಡಿಸಿ ಮತ್ತೆ ಮತ್ತೆ ನೋಡಿದೆ. ಅಪ್ಪನದಲ್ಲ! ಬೇರೆ ಯಾವನೋ ತುಂಬಿದ್ದು. ಯಾವನಾದರೂ ಆಗಲಿ, ಬಹುಶಃ ಸತ್ತೂ ಹೋಗಿದ್ದಾನೆ.

ಡಬ್ಬಿಯ ಕೆಳಗಿದ್ದ ಕಡತದಲ್ಲಿ ಅಪ್ಪನ ಕಾಗದವೂ ಇತ್ತು. "ದಯವಿಟ್ಟು ಒಳಗಿನ ಹಾಳೆಯ ಮೂಲೆಯನ್ನು ನೋಡಿ, ಮಾನ್ಯರೇ. ನನಗೆ ಮಕ್ಕಳಿದ್ದಾರೆ." ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬೂದುಕೋಟಿನವನ ಅಕ್ಷರ: "ಉತ್ತರ ಬೇಕಿಲ್ಲ." ಅದೇ ಅಕ್ಷರ ದಿನವೂ ನನ್ನ ಕಡತಗಳ ಮೇಲೆ ನೋಡುತ್ತೇನೆ.

ಅವನನ್ನು ಬಿಡುವುದಿಲ್ಲ ಅಕ್ಕಾ. ಈಗ ನನ್ನ ಹೊಟ್ಟೆಗೂ ಬೆಂಕಿ ಬಿದ್ದಿದೆ. ಭಾವನಿಗೂ ಬೇರೆ ಕಾಗದ ಬರೆದು ಎಲ್ಲ ತಿಳಿಸಿದ್ದೇನೆ. ಅಪ್ಪನ ಜಾಗದಲ್ಲಿ ಇಷ್ಟು ವರ್ಷ ಕೂತವರು, ಅವರಿಗೂ ಮನಸ್ಸು ಹಗುರಾಗಲಿ.

ನಿನ್ನ ತಮ್ಮ


೨೦ ಮೇ ೧೯೮೯

ಅಕ್ಕಾ,

ಆರು ವಾರವಾಯಿತು. ನಿನ್ನಿಂದ ಒಂದು ಸಾಲೂ ಇಲ್ಲ, ಭಾವನಿಂದಲೂ ಇಲ್ಲ. ಕಾಗದ ತಪ್ಪಿಹೋಯಿತೇ? ಆರೋಗ್ಯವಾಗಿದ್ದೀಯಾ? ಅಥವಾ ಖುಷಿಗೆ ಮಾತು ಹೊರಡದೆ ಕೂತಿದ್ದೀಯಾ? ನಿನ್ನನ್ನು ಬಲ್ಲೆ, ಸಂತೋಷವಾದರೆ ಒಳಗೊಳಗೇ ಅಳುವವಳು ನೀನು.

ನಿನಗೆ ಇನ್ನೊಂದು ಸಂತೋಷ ಕೊಡುತ್ತೇನೆ. ಬೂದುಕೋಟಿನವನನ್ನು ಕೇಳಿಯೇಬಿಟ್ಟೆ. ಅಪ್ಪನ ಹೆಸರು ಹೇಳಲಿಲ್ಲ, ಕಾಗದದ ವಿಷಯ ಮಾತ್ರ ಎತ್ತಿದೆ. ಅವನು ಕಾಫಿ ಕಲಕುತ್ತ, "ಆ ವರ್ಷ ಹನ್ನೊಂದು ಸಾವಿರ ಬೇಲು ನೋಡಿದೀನಿ ಕಣಯ್ಯಾ. ಎಲ್ಲಾ ಗ್ರೇಡರುಗಳೂ ನಾನಲ್ಲ ಅಂತಾನೇ ಬರೀತಾರೆ. ಎಲ್ಲಾನೂ ಓದ್ತಾ ಕೂತ್ಕೊಂಡ್ರೆ ಆಗುತ್ತಾ?" ಎಂದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಸರಿ, ಓದಬೇಡ ಎಂದುಕೊಂಡೆ. ಕೊನೆಯ ಪ್ರತಿಯಲ್ಲಿ ಆ ಅಡಿಟಿಪ್ಪಣಿ ತೆಗೆದು ಹೊಸದು ಹಾಕಿದೆ: "ಒಳಶೀಟಿನ ಗುರುತನ್ನು ಪರಿಶೀಲಿಸಿ ಎಂದು ಆ ಬಂದರಿನ ಮುಖ್ಯ ಗ್ರೇಡರ್ ಬರೆದ ಪತ್ರವನ್ನು ಅಂದಿನ ತಪಾಸಕರು ಉತ್ತರಿಸದೆ ಬದಿಗಿಟ್ಟರು. ಮಾದರಿಯ ಮೇಲಿರುವ ಗುರುತು ಆ ಗ್ರೇಡರನದಲ್ಲ." ಕೆಳಗೆ ಕಡತದ ಸಂಖ್ಯೆ, ಅಂದಿನ ತಪಾಸಕರ ಹೆಸರು. ಅವನು ಮುನ್ನೂರು ಪುಟಕ್ಕೂ ಒಂದೊಂದಾಗಿ ಸಹಿ ಹಾಕಿದ, ಒಂದನ್ನೂ ಓದದೆ. ಪುಸ್ತಕ ಅಚ್ಚಿಗೆ ಹೋಗಿದೆ. ಅವನ ಬೀಳ್ಕೊಡುಗೆಯ ದಿನ ಅದೇ ಪುಸ್ತಕವನ್ನು ಇಡೀ ಇಲಾಖೆಗೆ ಹಂಚುತ್ತಾರೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಬೇಸರವಿಲ್ಲ.

ಬರೆ ಅಕ್ಕಾ. "ಶಹಬ್ಬಾಸ್" ಎಂದಾದರೂ ಬರೆ.

ನಿನ್ನ ತಮ್ಮ


೨೮ ಮೇ ೧೯೮೯

ತಮ್ಮಾ,

ನಿನ್ನ ಎರಡೂ ಕಾಗದ ತಲುಪಿವೆ. ಶಹಬ್ಬಾಸ್.

ಆ ಮುದುಕನನ್ನು ಇನ್ನು ಬಿಟ್ಟುಬಿಡು. ಮಾಡಿದ್ದು ಸಾಕು. ಅವನು ಓದದ ತಪ್ಪು ಮಾಡಿದ, ಅಷ್ಟೇ.

ನಿಮ್ಮ ಭಾವನಿಗೆ ಬರೆದ ಕಾಗದ ನನ್ನ ಕೈಗೇ ಸಿಕ್ಕಿತು. ಅವರಿಗೆ ಕೊಟ್ಟಿಲ್ಲ. ನಿವೃತ್ತಿಯ ದಿನ ನಾನೇ ಹೇಳುತ್ತೇನೆ, ಆಶ್ಚರ್ಯವಾಗಲಿ. ಅಲ್ಲಿಯವರೆಗೆ ಅವರಿಗೆ ಏನೂ ಬರೆಯಬೇಡ.

ಆ ತುಂಡನ್ನೂ ಅಪ್ಪನ ಕಾಗದವನ್ನೂ ನನಗೆ ಕಳಿಸು. ಹೇಗಾದರೂ ಕಳಿಸು. ಆಗಸ್ಟಿನ ಒಳಗೆ ಬರಬೇಕು.

ನಿನ್ನ ಅಕ್ಕ


೧೨ ಜೂನ್ ೧೯೮೯

ಅಕ್ಕಾ,

ನಿನ್ನ ಕಾಗದ ಓದಿ ಕಣ್ಣು ತುಂಬಿತು. ಬೂದುಕೋಟಿನವನನ್ನು ಬಿಟ್ಟುಬಿಡು ಎನ್ನುವಷ್ಟು ದೊಡ್ಡ ಮನಸ್ಸು ನಿನ್ನದಾಯಿತಲ್ಲ! ಫೆಬ್ರವರಿಯ ಆ ಅಕ್ಕನೇ ಇವಳು ಎಂದು ನಂಬಲಾಗುತ್ತಿಲ್ಲ. ಭಾವನ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಅವರ ಗುಣ ನಿನಗೂ ಬಂದಿದೆ.

ತುಂಡನ್ನು ಡಬ್ಬಿಯ ಸಮೇತ ಕಳಿಸುತ್ತಿದ್ದೇನೆ. ಕಳ್ಳತನವೇ, ಆದರೆ ಅಷ್ಟು ಹಳೆಯ ಮಾದರಿಗಳನ್ನು ಹೇಗೂ ಈ ವರ್ಷ ಸುಡುತ್ತಾರೆ. ಅಪ್ಪನ ಕಾಗದ ಒಳಗಿದೆ. ಜೊತೆಗೆ ಭಾವನಿಗೆ ನನ್ನ ಉಡುಗೊರೆ, ಹಿತ್ತಾಳೆ ಹಿಡಿಯ ಒಂದು ಭೂತಗನ್ನಡಿ. ಕಣ್ಣು ಮಂಜಾಗುತ್ತಿದೆ ಎಂದು ಬರೆದಿದ್ದೆಯಲ್ಲ. ಕೊನೆಯ ಶೀಟು ನೋಡುವಾಗ ಕೊಡು.

ಹಲಗೆ ಕೊರೆಯುವಾಗ ನನ್ನ ಪರವಾಗಿಯೂ ಚಪ್ಪಾಳೆ ತಟ್ಟು.

ನಿನ್ನ ತಮ್ಮ


೩ ಸೆಪ್ಟೆಂಬರ್ ೧೯೮೯

ತಮ್ಮಾ,

ಕೂತು ಓದು. ನಿಂತಿದ್ದರೆ ಮೊದಲು ಕೂರು.

ಮೂರು ಉದ್ದ ಕಚ್ಚು, ಮೇಲೊಂದು ಅಡ್ಡ. ಅದು ನಿನ್ನ ಭಾವನ ಗುರುತು.

ನಿನ್ನ ಏಪ್ರಿಲ್ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ಆ ಸಾಲಿಗೆ ಬಂದಾಗ ತಪ್ಪು ಓದಿದೆ ಎಂದುಕೊಂಡೆ. ಹೋಗಿ, ನಿನಗೆ ಓದಲು ಅವನೇ ಮಾಡಿಕೊಟ್ಟ ಮೇಜನ್ನು ತಲೆಕೆಳಗು ಮಾಡಿದೆ. ತಳದಲ್ಲಿ, ಬಲಮೂಲೆಯಲ್ಲಿ, ಇದೆ. ಕೈಯಾರೆ ಮಾಡಿದ ಎಲ್ಲದರ ಮೇಲೂ ಹಾಕುತ್ತಾನಲ್ಲ. ನೀನು ಹತ್ತು ವರ್ಷ ಅದರ ಮೇಲೆ ಓದಿದೆ, ತಳ ನೋಡುವ ಪ್ರಸಂಗ ನಿನಗೆ ಬರಲಿಲ್ಲ. ಆಮೇಲೆ ಮೇಜನ್ನು ನೆಟ್ಟಗೆ ಮಾಡಿ, ಬಟ್ಟೆಯಿಂದ ಒರೆಸಿ, ಅವನಿಗೆ ಊಟಕ್ಕೆ ಬಡಿಸಿದೆ. ನಾಲ್ಕೂವರೆ ತಿಂಗಳು ಬಡಿಸಿದೆ. ಅವನ ಹಳೆಯ ಜೋಕುಗಳಿಗೆ ನಕ್ಕೆ. ನನ್ನಲ್ಲಿ ಇಷ್ಟು ತಾಳ್ಮೆ ಇದೆ ಎಂದು ನನಗೇ ಗೊತ್ತಿರಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ಅಪ್ಪನ ಕೆಲಸ ಹೋಗುವ ಮೂರು ತಿಂಗಳ ಮೊದಲು ಅವನು ನನ್ನನ್ನು ಮದುವೆಗೆ ಕೇಳಲು ಮನೆಗೆ ಬಂದಿದ್ದ. ಅಪ್ಪ ಒಪ್ಪಲಿಲ್ಲ. "ಕೈ ಚುರುಕಾಗಿದೆ, ಕಣ್ಣಲ್ಲಿ ನಿಯತ್ತಿಲ್ಲ" ಎಂದರು. ನಾನು ಅಪ್ಪನ ಮೇಲೆ ಎರಡು ದಿನ ಮುನಿಸಿಕೊಂಡಿದ್ದೆ. ಅಪ್ಪ ಬಿದ್ದ ಮೇಲೆ ಬೀದಿಯ ಜನ ನಮ್ಮ ಬಾಗಿಲು ತುಳಿಯದಿದ್ದಾಗ ಅವನೊಬ್ಬನೇ ಬಂದ. ಅಪ್ಪನ ಮುದ್ರೆಯ ತಗಡು ಅಷ್ಟರಲ್ಲಿ ಅವನ ಕೈ ಸೇರಿತ್ತು. ಕಳಂಕ ಹೊತ್ತ ಮನೆಯ ಹುಡುಗಿಯನ್ನು ಮದುವೆಯಾದ ಪುಣ್ಯಾತ್ಮ ಎಂದು ಊರೆಲ್ಲ ಹೊಗಳಿತು. ಅಪ್ಪ ಕೊನೆಗಾಲದಲ್ಲಿ ಅವನ ಕೈ ಹಿಡಿದುಕೊಂಡು, ನಿನ್ನನ್ನು ತಪ್ಪು ತಿಳಿದಿದ್ದೆ ಎಂದು ಕ್ಷಮೆ ಕೇಳಿದರು. ಅವನು ಕೇಳಿಸಿಕೊಂಡ. ಆ ಕೈ ಹಿಡಿದುಕೊಂಡೇ ಕೂತಿದ್ದ.

ಇಪ್ಪತ್ತೇಳು ವರ್ಷ ಅವನ ಉಪಕಾರವನ್ನು ತಲೆಯ ಮೇಲೆ ಹೊತ್ತು ನಡೆದೆ, ತಮ್ಮಾ. ಗಟ್ಟಿಯಾಗಿ ಮಾತಾಡಲಿಲ್ಲ. ಏನನ್ನೂ ಬೇಕೆಂದು ಕೇಳಲಿಲ್ಲ. ನನ್ನ ಕೋಪವನ್ನೆಲ್ಲ ಸಮುದ್ರದ ಆಚೆ ಒಬ್ಬ ಬೂದುಕೋಟಿನವನ ಮೇಲೆ ಸುರಿಯುತ್ತಿದ್ದೆ.

ಮೊನ್ನೆ ಮೂವತ್ತೊಂದಕ್ಕೆ, ಬೆಳಿಗ್ಗೆ ಹತ್ತಕ್ಕೆ ಶೆಡ್ಡಿನಲ್ಲಿ ಸಮಾರಂಭ. ಹಳೆಯ ಮಾಲೀಕರ ಮಗ, ಈಗಿನ ಕೆಲಸಗಾರರು, ನಿವೃತ್ತರಾದ ಮುದುಕರು, ಎಲ್ಲ ಸೇರಿ ನೂರು ಜನರ ಮೇಲಿದ್ದರು. ಅವನು ಹೊಸ ಅಂಗಿ ತೊಟ್ಟಿದ್ದ, ನಾನೇ ಇಸ್ತ್ರಿ ಮಾಡಿದ್ದು. ಮೊದಲು ನಿನ್ನ ಭೂತಗನ್ನಡಿ ಕೊಟ್ಟೆ. "ನಮ್ಮ ಬಾಮೈದ ಕಳಿಸಿದ್ದು" ಎಂದು ಎತ್ತಿ ಎಲ್ಲರಿಗೂ ತೋರಿಸಿದ. ಚಪ್ಪಾಳೆ ಬಿತ್ತು. ಆಮೇಲೆ ಡಬ್ಬಿ ತೆಗೆದು, "ಕೊನೆಯ ಶೀಟು" ಎಂದು ತುಂಡನ್ನು ಅವನ ಕೈಗೆ ಕೊಟ್ಟೆ.

ಕಿಟಕಿಯ ಕಡೆ ತಿರುಗಿ ಬೆಳಕಿಗೆ ಹಿಡಿದ. "ಅಬ್ಬಾ, ಎಷ್ಟು ಹಳೇದನ್ನ ಹುಡುಕಿ ತಂದಿದ್ದೀಯೇ!" ಎಂದು ನಕ್ಕ. ಎಲ್ಲರೂ ನಕ್ಕರು.

"ದರ್ಜೆ ಹೇಳಿ" ಎಂದೆ.

"ಇದಕ್ಕೆಂಥ ದರ್ಜೆ? ಹೊಗೆ ಸಾಲದು, ಒಳಗೆ ಬೂಷ್ಟು ಹಿಡಿದಿದೆ. ತಿರಸ್ಕಾರ."

"ಗುರುತು ಯಾರದು?"

ಭೂತಗನ್ನಡಿಯನ್ನು ಮೂಲೆಗೆ ಹಿಡಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಬಣ್ಣ ಇಳಿಯುವುದನ್ನು ಕಣ್ಣಾರೆ ಕಂಡೆ. "ಕಣ್ಣು ಮಂಜು, ಕಾಣ್ತಿಲ್ಲ" ಎಂದ.

ಬಿಳಿಪುಡಿ ಬಳಿಯುತ್ತಿದ್ದ ಅಜ್ಜಿ ನೆನಪಿದ್ದಾಳಲ್ಲ, ಮುಂದಿನ ಸಾಲಿನಲ್ಲೇ ಕೂತಿದ್ದಳು. ಸಹಾಯ ಮಾಡೋಣ ಎಂದು ಎದ್ದು ಬಂದು ಬಗ್ಗಿ ನೋಡಿದಳು. "ಅಯ್ಯೋ ನಿಂದೇ ಅಲ್ವೇನಪ್ಪಾ! ಮೂರು ಕಚ್ಚು, ಮೇಲೊಂದು ಅಡ್ಡ. ನಿನ್ನ ಗುರುತು ನಿಂಗೇ ಗೊತ್ತಾಗ್ಲಿಲ್ವಾ?" ಮತ್ತೆ ಎಲ್ಲರೂ ನಕ್ಕರು. ಅದೇ ಕೊನೆಯ ನಗು.

ನಾನು ಅಪ್ಪನ ಕಾಗದ ಬಿಚ್ಚಿ ಓದಿದೆ. ಡಬ್ಬಿಯ ಮೇಲಿನ ವರ್ಷ, ಹಡಗಿನ ಹೆಸರು, ಬೇಲಿನ ಸಂಖ್ಯೆ ಓದಿದೆ. ಅಂದು "ನಮ್ಮದಲ್ಲ" ಎಂದಿದ್ದ ಒಂಬತ್ತು ಜನರಲ್ಲಿ, ಅವನನ್ನು ಬಿಟ್ಟರೆ, ಬದುಕಿರುವ ಮೂವರು ಅಲ್ಲೇ ಕೂತಿದ್ದರು. ಒಬ್ಬರು ಎದ್ದು, ಅವನ ಮುಖ ನೋಡದೆ ಹೊರಗೆ ಹೋದರು. ಉಳಿದ ಇಬ್ಬರೂ ಎದ್ದರು.

ಆಗ ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನಿಮ್ಮಪ್ಪ ನಿನ್ನನ್ನ ಕೊಡಲ್ಲ ಅಂದ್ರು ಕಣೇ. ಇನ್ನೇನು ಮಾಡ್ಲಿ ನಾನು?" ಅದನ್ನು ಕೇಳಿ ನನ್ನ ಮನಸ್ಸು ಕರಗುತ್ತದೆ ಎಂದುಕೊಂಡಿದ್ದನೋ ಏನೋ. "ಜೋರಾಗಿ ಹೇಳು, ಹಿಂದೆ ಕೂತೋರಿಗೆ ಕೇಳಿಸಲಿ" ಎಂದೆ. ಮದುವೆಯಾದಾಗಿನಿಂದ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನು ತಲೆ ತಗ್ಗಿಸಿದ. ಬೂದುಕೋಟಿನವನು ತಗ್ಗಿಸಬೇಕೆಂದು ನಾನು ಬಯಸಿದ್ದೆನಲ್ಲ, ಅದೇ ರೀತಿ, ಹತ್ತಲ್ಲ, ನೂರು ಜನರೆದುರು.

ನನ್ನ ಹೊಟ್ಟೆಯ ಉರಿ ಆರಿತೇ ಎಂದು ಕೇಳಬೇಡ. ಆರಲಿಲ್ಲ. ಆದರೆ ಈಗ ಅದು ಇರಬೇಕಾದ ಮನೆಯಲ್ಲೇ ಉರಿಯುತ್ತಿದೆ. ಅವನ ಹಾಸಿಗೆ ಹೊರಗಿನ ಕೋಣೆಯಲ್ಲಿದೆ. ನಾನು ಎಲ್ಲಿಗೂ ಹೋಗುವುದಿಲ್ಲ. ಬೀದಿಗೆ ಬೆನ್ನು ಹಾಕಿ ಅವನು ಕೂರುವುದನ್ನು ದಿನವೂ ನೋಡುತ್ತೇನೆ.

ನೀನು ಅವನಿಗೆ ಯಾವ ಋಣವನ್ನೂ ಹೊತ್ತಿಲ್ಲ. ಅವನು ನಿನ್ನನ್ನು ಓದಿಸಿದ್ದು ಅಪ್ಪನ ಕುರ್ಚಿಯಲ್ಲಿ ಕೂತು. ಓದಿಸಿದವರು ಅಪ್ಪನೇ ಎಂದುಕೋ.

ಹಲಗೆ ಕೊರೆಯುವ ಬಡಗಿ ಉಳಿ ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ನಿಂತಿದ್ದ. ಅವನ ಕೈಯಿಂದ ಉಳಿ ತೆಗೆದುಕೊಂಡೆ. ಯಾರೂ ತಡೆಯಲಿಲ್ಲ. ಮರ ಗಟ್ಟಿಯಾಗಿತ್ತು, ಎರಡು ಬೆರಳು ತರಚಿದವು. ಉಳಿದಿದ್ದ ಒಂದೇ ಜಾಗದಲ್ಲಿ ಎರಡು ಉದ್ದ ಕಚ್ಚು, ಜೋಡಿಯಾಗಿ, ನಾನೇ ಕೊರೆದೆ. ಹಲಗೆಯಲ್ಲಿ ಇನ್ನು ಜಾಗವಿಲ್ಲ.

ನಿನ್ನ ಅಕ್ಕ